ಕ್ಯಾಂಟನ್ನಿನ ಸುಂಕದ ಕಟ್ಟೆ: ತೆರುವವರೇ ವಸೂಲಿಗೆ ನಿಂತ ಕಥೆ

[ದೃಶ್ಯ: ಪರ್ಲ್ ನದಿಯ ಹಳೆಯ ನಕ್ಷೆ, ವಾಂಪೋವಾದಲ್ಲಿ ಲಂಗರು ಹಾಕಿದ ಹಡಗುಗಳು]

ನಮಸ್ಕಾರ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಮಾತು ನಮ್ಮಲ್ಲಿದೆ. ದಕ್ಷಿಣ ಚೀನಾದ ಕ್ಯಾಂಟನ್ ನಗರದಲ್ಲಿ, ಅಂದರೆ ಇಂದಿನ ಗುವಾಂಗ್‌ಝೌನಲ್ಲಿ, ನೂರು ವರ್ಷಗಳ ಅಂತರದಲ್ಲಿ ಆ ಸುಂಕದವನೇ ಬದಲಾಗಿಹೋದ.

ಸಮುದ್ರದ ಮೇಲೆ ಬರುವ ಯುರೋಪಿನ ವರ್ತಕರು ಕ್ಯಾಂಟನ್ ಒಂದರಲ್ಲೇ ವ್ಯಾಪಾರ ಮಾಡಬೇಕೆಂದು 1757ರಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿಯ ಆಜ್ಞೆಯಾಯಿತು. ಹಡಗು ನಗರದ ಕೆಳಗಿನ ವಾಂಪೋವಾದಲ್ಲಿ ನಿಂತೊಡನೆ ಚಕ್ರವರ್ತಿಯ ಸುಂಕಾಧಿಕಾರಿ, ವಿದೇಶಿಯರ ಬಾಯಲ್ಲಿ ‘ಹೊಪ್ಪೊ’, ತನ್ನ ಪರಿವಾರದೊಡನೆ ಬಂದು ಅಳತೆ ಹಿಡಿಸುತ್ತಿದ್ದ. ಮುಂದಿನ ಕೂವೆಮರದಿಂದ ಹಿಂದಿನ ಕೂವೆಮರದವರೆಗೆ ಉದ್ದ, ನಡುವಿನಲ್ಲಿ ಅಗಲ. ಇವೆರಡರ ಲೆಕ್ಕದ ಮೇಲೆ ಹಡಗಿನ ತೆರಿಗೆ ನಿಗದಿಯಾಗುತ್ತಿತ್ತು. ಅದರ ಮೇಲೆ ಬಹುಕಾಲ 1,950 ಟೇಲ್ (ಚೀನೀ ತೂಕದ ಅಳತೆ) ಬೆಳ್ಳಿಯನ್ನು ಕಾಣಿಕೆಯಾಗಿ ಒಪ್ಪಿಸಬೇಕಿತ್ತು. ಹೆಸರು ಕಾಣಿಕೆಯಾದರೂ ಅದು ಕಡ್ಡಾಯವೇ ಆಗಿತ್ತು. ಸರಕಿನ ಸುಂಕಕ್ಕೆ ‘ಕೋಹಾಂಗ್’ ಎಂಬ ಚೀನೀ ವರ್ತಕರ ಕೂಟ ಜಾಮೀನು ನಿಲ್ಲುತ್ತಿತ್ತು. ಮುಂಬಯಿಯ ಹತ್ತಿ, ಮಲಬಾರ್ ಕರಾವಳಿಯಿಂದ ಹೊರಟ ಮೈಸೂರು ಸೀಮೆಯ ಶ್ರೀಗಂಧ ಅಲ್ಲಿ ಇಳಿಯುತ್ತಿದ್ದವು, ಚಹಾ ಏರುತ್ತಿತ್ತು.

[ದೃಶ್ಯ: ನದಿದಂಡೆಯ ಹದಿಮೂರು ವಿದೇಶಿ ಕೋಠಿಗಳ ಚಿತ್ರ]

ವಿದೇಶಿಯರ ವಾಸ ಈ ಕೋಠಿಗಳಷ್ಟಕ್ಕೇ ಸೀಮಿತವಾಗಿತ್ತು. ವ್ಯಾಪಾರದ ಋತು ಮುಗಿದರೆ ಹತ್ತಿರದ ಪೋರ್ಚುಗೀಸರ ನೆಲೆ ಮಕಾವಿಗೆ ಮರಳಬೇಕು, ಹೆಂಗಸರನ್ನು ಕರೆತರುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದ ನಿಯಮದಂತೆ, ಚಾಂದ್ರಮಾಸದ 8, 18 ಮತ್ತು 28ನೆಯ ದಿನಗಳಂದು ಮಾತ್ರ, ದುಭಾಷಿಯ ಜೊತೆಯಲ್ಲಿ, ನದಿಯಾಚೆಯ ಹೂದೋಟಗಳಿಗೆ ಹೋಗಿಬರಬಹುದಿತ್ತು. ತಿಂಗಳಿಗೆ ಮೂರೇ ದಿನ ಗಾಳಿ ಸೇವನೆ ಮಾಡಿ ಬದುಕಿದವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅಫೀಮಿನ ವಿಷಯಕ್ಕೆ ಬಂದರೆ ಆ ಸಹಾನುಭೂತಿ ಉಳಿಯುವುದಿಲ್ಲ. ನಿಷೇಧವಿದ್ದ ಆ ಸರಕು ವಾಂಪೋವಾಕ್ಕೆ ಬರುವ ಮೊದಲೇ ಲಿಂಟಿನ್ ದ್ವೀಪದ ಬಳಿ ನಿಂತ ಹಡಗುಗಳಿಗೆ ಇಳಿದು, ಅಲ್ಲಿಂದ ಕಳ್ಳದೋಣಿಗಳಲ್ಲಿ ಒಳನಾಡಿಗೆ ಸಾಗುತ್ತಿತ್ತು. 1839ರಲ್ಲಿ ಲಿನ್ ಝೆಶು ಎಂಬ ಅಧಿಕಾರಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿಸಿದ. ಬ್ರಿಟನ್ನಿನೊಡನೆ ಯುದ್ಧವಾಯಿತು, ಚೀನಾ ಸೋತಿತು. 1842ರ ನಾನ್‌ಜಿಂಗ್ ಒಪ್ಪಂದ ಕೋಹಾಂಗ್‌ನ ಏಕಸ್ವಾಮ್ಯವನ್ನು ಕೊನೆಗಾಣಿಸಿತು.

1856ರಲ್ಲಿ ಕೋಠಿಗಳು ಸುಟ್ಟುಹೋದ ಮೇಲೆ ವಿದೇಶಿಯರು ಶಾಮಿಯನ್ ಎಂಬ ಮರಳುದಿಬ್ಬವನ್ನು ಕಟ್ಟಿ ಎತ್ತರಿಸಿ, ಕಾಲುವೆ ತೋಡಿ ನಗರದಿಂದ ಬೇರ್ಪಡಿಸಿಕೊಂಡರು. ಅದರ ಐದರಲ್ಲಿ ನಾಲ್ಕು ಪಾಲು ಬ್ರಿಟಿಷರದು, ಒಂದು ಪಾಲು ಫ್ರೆಂಚರದು.

ಸುಂಕದವನು ಬದಲಾದದ್ದೂ ಇದೇ ಹೊತ್ತಿನಲ್ಲಿ. ಬಂಡುಕೋರರು ಶಾಂಘೈಯನ್ನು ಹಿಡಿದಾಗ ಅಲ್ಲಿನ ಸುಂಕದ ಮನೆ ನಿಂತುಹೋಗಿ, 1854ರಲ್ಲಿ ವಿದೇಶಿ ತನಿಖಾಧಿಕಾರಿಗಳು ಚೀನಾ ಸರ್ಕಾರದ ಪರವಾಗಿ ವಸೂಲಿಗೆ ಕುಳಿತರು. ಆ ಪದ್ಧತಿ 1859ರಲ್ಲಿ ಕ್ಯಾಂಟನ್ನಿಗೂ ಬಂತು. ಬ್ರಿಟಿಷ್ ದೂತಾವಾಸದ ಕೆಲಸ ಬಿಟ್ಟು ಅಲ್ಲಿ ಸೇರಿದ ಐರ್ಲೆಂಡಿನ ಯುವಕ ರಾಬರ್ಟ್ ಹಾರ್ಟ್ 1863ರಲ್ಲಿ ಇಡೀ ಇಲಾಖೆಯ ಮುಖ್ಯಸ್ಥನಾಗಿ, 1911ರಲ್ಲಿ ಸಾಯುವವರೆಗೂ ಆ ಪದವಿಯಲ್ಲಿದ್ದ. ನಾವು ಚೀನಾದ ಸಂಬಳ ತಿನ್ನುವ ಚೀನಾದ ನೌಕರರು ಎಂದು 1864ರಲ್ಲೇ ಆತ ತನ್ನ ಕೈಕೆಳಗಿನವರಿಗೆ ಸುತ್ತೋಲೆಯಲ್ಲಿ ತಿಳಿಹೇಳಿದ.

ಹಣ ನಿಯತ್ತಾಗಿ ಬೀಜಿಂಗಿಗೆ ತಲುಪಿತು, ಕರಾವಳಿಯಲ್ಲಿ ದೀಪಸ್ತಂಭಗಳೆದ್ದವು, ಇದನ್ನು ಒಪ್ಪಲೇಬೇಕು. ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ದರ ನ್ಯಾಯವಾಗುವುದಿಲ್ಲ. ಸುಮಾರು ಶೇಕಡ 5ರ ದರವನ್ನು ಒಪ್ಪಂದಗಳೇ ಕಟ್ಟಿಹಾಕಿದ್ದವು. ತನ್ನ ಬಾಗಿಲಿನ ಸುಂಕವನ್ನು ಏರಿಸುವ ಹಕ್ಕು ಚೀನಾಕ್ಕೇ ಇರಲಿಲ್ಲ. 1858ರ ಸುಂಕಪಟ್ಟಿಯಲ್ಲಿ ಅಫೀಮು ‘ವಿದೇಶಿ ಔಷಧಿ’ಯಾಗಿ, ಪಿಕುಲ್‌ಗೆ, ಅಂದರೆ ಸುಮಾರು 60 ಕಿಲೋಗೆ, 30 ಟೇಲ್ ತೆತ್ತು ರಾಜಮಾರ್ಗದಲ್ಲೇ ಒಳಬಂತು. ಸುಂಕ ಏರಿಸುವ ಹಕ್ಕನ್ನು ಚೀನಾ ಮರಳಿ ಪಡೆದದ್ದು 1928ರಿಂದ 1930ರೊಳಗಿನ ಒಪ್ಪಂದಗಳಿಂದ.

[ದೃಶ್ಯ: ಗಡಿಯಾರ ಗೋಪುರವಿರುವ, 1916ರಲ್ಲಿ ಪೂರ್ಣಗೊಂಡ ಸುಂಕದ ಕಟ್ಟಡ]

ನದಿದಂಡೆಯ ಈ ಕಟ್ಟಡ ಇಂದಿಗೂ ನಿಂತಿದೆ. ಹೊಪ್ಪೊ ಹಡಗು ಅಳೆಯುತ್ತಿದ್ದ ವಾಂಪೋವಾದ ಚಾಂಗ್‌ಝೌ ದ್ವೀಪದಲ್ಲಿ, ಹತ್ತಿ ಮತ್ತು ಅಫೀಮಿನ ವ್ಯಾಪಾರಕ್ಕೆಂದು ಮುಂಬಯಿಯಿಂದ ಹೋಗಿ ಅಲ್ಲೇ ಕಣ್ಣುಮುಚ್ಚಿದ ಪಾರ್ಸಿಗಳ ಕಲ್ಲಿನ ಸಮಾಧಿಗಳಿವೆ.