ಕಂಬಳಿ ಕೊಟ್ಟವರು, ಉದ್ರಿ ಕೊಟ್ಟವರು

ನಮಸ್ಕಾರ. ಚಳಿಗಾಲ ಬಂತು ಅಂದ್ರೆ ನಮ್ಮೂರುಗಳಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಅವರೇ ಕೂತು ಹೆಣೆದದ್ದು ಅಂತ ಎಷ್ಟೋ ಜನ ನಂಬಿದ್ದಾರೆ. ಹೆಚ್ಚಿನವು ಲೂಧಿಯಾನದ ಕಾರ್ಖಾನೆ ಮಾಲು. ಅಲ್ಲಿನ ಸಗಟು ವ್ಯಾಪಾರಿಗಳು ಉದ್ರಿ ಕೊಡುತ್ತಾರೆ, ಇವರು ಸೀಸನ್ನಿನಲ್ಲಿ ಮಾರಿ ಬಾಕಿ ತೀರಿಸುತ್ತಾರೆ.

ಈ ಉದ್ರಿ ಸಣ್ಣ ವಿಷಯ ಅಲ್ಲ. ಬೈಲಕುಪ್ಪೆಯಂಥ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪ್‌ಗಳಲ್ಲಿ ಜಮೀನು ಸರ್ಕಾರದಿಂದ ಗುತ್ತಿಗೆಗೆ ಬಂದದ್ದು. ಅಡವಿಡೋಣ ಅಂದ್ರೆ ಪಹಣಿ ಅವರ ಹೆಸರಲ್ಲಿಲ್ಲ. ಅಂಥವರನ್ನು ನಂಬಿ ಯಾರೋ ಮಾಲು ಕೊಟ್ಟರು, ವ್ಯಾಪಾರ ಬೆಳೆಯಿತು. ಕೊಟ್ಟವರು ಸಮಾಜಸೇವಕರಲ್ಲ, ಪಕ್ಕಾ ವ್ಯಾಪಾರಸ್ಥರು!

ಹಾಗಂತ ನಿರಾಶ್ರಿತರ ನೆರವಿಗೆ ಬರುವ ಸ್ವಯಂಸೇವಕರನ್ನು ನಾನು ಹಳಿಯುತ್ತಿಲ್ಲ. ಮೊದಲ ದಿನ ಅನ್ನ, ಔಷಧಿ ಹಿಡಿದು ಓಡಿ ಬರುವವರು ಅವರೇ. ಆದರೆ ಅವರಿಗೂ ಕೆಲಸ, ಮನೆ, ಮಕ್ಕಳು ಇರುತ್ತವಲ್ವಾ? ಸುದ್ದಿ ತಣ್ಣಗಾಗುತ್ತದೆ, ಗುಂಪು ಕರಗುತ್ತದೆ. ಆಗ ಯಾರೋ 'ಇವರಿಗೊಂದು ಉದ್ಯಮ ಮಾಡಿಕೊಡೋಣ' ಅನ್ನುತ್ತಾರೆ. ಗ್ರೀಸ್‌ನ ಲೆಸ್ಬೋಸ್ ದ್ವೀಪದಲ್ಲಿ ನಿರಾಶ್ರಿತರು ಬಿಟ್ಟುಹೋದ ಲೈಫ್ ಜಾಕೆಟ್‌ಗಳಿಂದ ಬ್ಯಾಗ್ ಹೊಲಿದು ಮಾರಿದರು. ಒಳ್ಳೆಯ ಕೆಲಸವೇ. ಆದರೆ ಕಥೆಗೆ ಮನಸೋತು ಒಂದು ಬ್ಯಾಗ್ ಕೊಂಡವರು ಎರಡನೆಯದನ್ನು ಯಾಕೆ ಕೊಳ್ಳುತ್ತಾರೆ?

ನೇಪಾಳದಲ್ಲಿ ಇದಕ್ಕೊಂದು ಉತ್ತರ ಸಿಕ್ಕಿತ್ತು. 1960ರ ಹೊತ್ತಿಗೆ ಕಠ್ಮಂಡು ಪಕ್ಕದ ಜಾವಲಾಖೇಲ್‌ನಲ್ಲಿ ರೆಡ್ ಕ್ರಾಸ್ ಮತ್ತು ಸ್ವಿಸ್ ನೆರವಿನಿಂದ ಟಿಬೆಟಿಯನ್ ನಿರಾಶ್ರಿತರ ಕಾರ್ಪೆಟ್ ಮಗ್ಗಗಳು ಶುರುವಾದವು. ಹಾಸುನೂಲಿಗೆ ಅಡ್ಡಲಾಗಿ ಒಂದು ಸರಳು ಇಟ್ಟು ಅದರ ಮೇಲೆ ಉಣ್ಣೆ ಸುತ್ತುತ್ತಾ ಹೋಗುತ್ತಾರೆ. ಸಾಲು ಮುಗಿದ ಮೇಲೆ ಬಡಿದು ಕೂರಿಸಿ, ಚಾಕುವಿನಿಂದ ಕುಣಿಕೆಗಳನ್ನು ಸೀಳಿದರೆ ಮೆತ್ತನೆಯ ಎಳೆಗಳು ಎದ್ದು ನಿಲ್ಲುತ್ತವೆ. ಒಂದು ಕಾರ್ಪೆಟ್‌ಗೆ ಇಂಥ ಸಾಲುಗಳು ಎಷ್ಟು ಬೇಕೋ ನೀವೇ ಊಹಿಸಿ.

ಸ್ವಿಸ್ ಮಂದಿ ಮಗ್ಗ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗಲಿಲ್ಲ. ಯುರೋಪಿನಲ್ಲಿ ಕೊಳ್ಳುವವರನ್ನು ಹುಡುಕಿದರು. ಟಿಬೆಟ್ ಉಣ್ಣೆಯ ಜೊತೆ ನ್ಯೂಜಿಲೆಂಡ್ ಉಣ್ಣೆ ಬೆರೆಯಿತು. ಬಣ್ಣ, ವಿನ್ಯಾಸಗಳು ಜರ್ಮನ್ ಮನೆಗಳಿಗೆ ಒಪ್ಪುವಂತೆ ಬದಲಾದವು. ಪರಂಪರೆ ಕೆಟ್ಟಿತು ಅನ್ನುವವರು ಅನ್ನಲಿ, ಅದರಿಂದಲೇ ಕೂಲಿ ಹುಟ್ಟಿತು. 90ರ ದಶಕದ ಹೊತ್ತಿಗೆ ಕಾರ್ಪೆಟ್ ನೇಪಾಳದ ದೊಡ್ಡ ರಫ್ತುಗಳಲ್ಲೊಂದು. ನೇಯುವವರಲ್ಲಿ ನೇಪಾಳಿಗಳೇ ಜಾಸ್ತಿ. ನಿರಾಶ್ರಿತರು ಸ್ಥಳೀಯರಿಗೇ ಕೆಲಸ ಹುಟ್ಟಿಸಿದ್ದರು.

ಆಮೇಲೆ ಮಕ್ಕಳನ್ನು ದುಡಿಸುತ್ತಾರೆ ಅನ್ನುವ ಸುದ್ದಿ ಜರ್ಮನಿಯಲ್ಲಿ ಹಬ್ಬಿ ಬೇಡಿಕೆ ಬಿತ್ತು. ಪೆಟ್ಟು ಜೋರಾಗಿಯೇ ಬಿತ್ತು. ಹೌದು, ಮಾರುಕಟ್ಟೆ ಅಂದ ಮೇಲೆ ಇದೂ ಇದ್ದದ್ದೇ. ನಿರಾಶ್ರಿತರ ಮಾಲು ಅಂತ ಯಾರೂ ರಿಯಾಯಿತಿ ಕೊಡುವುದಿಲ್ಲ, ಕೊಡಲೂಬಾರದು.

ಹಾಗಾಗಿ ನಿರಾಶ್ರಿತರಿಗೆ ನೆರವಾಗುವ ಗುಂಪುಗಳಿಗೆ ನನ್ನದೊಂದು ಕೋರಿಕೆ. ಹೊಲಿಗೆ ತರಬೇತಿ ಸಾಕಷ್ಟಾಯಿತು. ಬ್ಯಾಂಕಿನಲ್ಲಿ ಅವರಿಗೆ ಜಾಮೀನು ನಿಲ್ಲಿ. ಸಗಟು ವ್ಯಾಪಾರಿಯ ಹತ್ತಿರ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಲೆಕ್ಕದ ಪುಸ್ತಕ ಮೊದಲ ವರ್ಷವೇ ಅವರ ಕೈಗೆ ಕೊಡಿ, ತಪ್ಪು ಬರೆದರೂ ಪರವಾಗಿಲ್ಲ. ಹೀಗೆ ಮಾಡುತ್ತಿರುವ ಗುಂಪು ನಿಮಗೆ ಗೊತ್ತಿದ್ದರೆ ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಅವರನ್ನೇ ಮಾತಾಡಿಸೋಣ.