ಗವರ್ನರ್ ನಿದ್ದೆ, ಅಜ್ಜಿಯ ಬುಟ್ಟಿ

ನಮಸ್ಕಾರ. ಕ್ಯೂಬಾದ ರಾಜಧಾನಿ ಹವಾನಾ ಅಂದ ತಕ್ಷಣ ಕಣ್ಣ ಮುಂದೆ ಏನು ಬರುತ್ತದೆ? ಹಳೇ ಅಮೆರಿಕನ್ ಕಾರು, ಚುರುಟು, ಬಣ್ಣ ಉದುರಿದ ಗೋಡೆ. ಅಲ್ವಾ? ನಾನೂ ಅದೇ ಫೋಟೋ ಹುಡುಕಿಕೊಂಡು ಹೋದವನು. ಆದರೆ ಮೊದಲ ದಿನ ನನ್ನನ್ನು ನಿಲ್ಲಿಸಿದ್ದು ಕಾಲಡಿಯ ನೆಲ.

ಪ್ಲಾಸಾ ದೆ ಆರ್ಮಾಸ್ ಅನ್ನೋ ಚೌಕದಲ್ಲಿ ಸ್ಪೇನ್ ಕಾಲದ ಗವರ್ನರ್‌ಗಳ ಅರಮನೆ ಇದೆ. ಸುತ್ತಮುತ್ತ ಕಲ್ಲು ಹಾಸಿದ ಬೀದಿಗಳು. ಅರಮನೆ ಎದುರಿಗೆ ಮಾತ್ರ ಮರದ ತುಂಡುಗಳು, ಇಟ್ಟಿಗೆ ಜೋಡಿಸಿದ ಹಾಗೆ. ಬಗ್ಗಿ ಮುಟ್ಟಿ ನೋಡಿದೆ. ಹೌದು, ಮರವೇ! ಕುದುರೆ ಗಾಡಿ ಸದ್ದಿಗೆ ಗವರ್ನರ್ ಸಾಹೇಬರ ನಿದ್ದೆ ಕೆಡಬಾರದು ಅಂತ ಹಾಸಿದ್ದಂತೆ. ಊರಿಗೆಲ್ಲ ಗಡಗಡ, ಸಾಹೇಬರಿಗೆ ಮಾತ್ರ ಮೆತ್ತಗೆ.

ಈ ಚೌಕದ ಸುತ್ತ ಈಗಲೂ ಎಲ್ಲ ಫಳಫಳ. ಅದರ ಹಿಂದೆ 'ನಗರದ ಇತಿಹಾಸಕಾರ' ಅನ್ನೋ ಸರ್ಕಾರಿ ಹುದ್ದೆಯಲ್ಲಿದ್ದ ಯುಸೇಬಿಯೋ ಲೆಯಾಲ್ ಅವರ ದುಡಿಮೆ ಇದೆ. ನೆರವು ಕೊಡುತ್ತಿದ್ದ ಸೋವಿಯತ್ ಒಕ್ಕೂಟ ಮುರಿದುಬಿದ್ದು ಕ್ಯೂಬಾದ ಕೈ ಬರಿದಾಗಿತ್ತು. 1993ರಲ್ಲಿ ಅವರ ಕಚೇರಿಗೆ ಹೋಟೆಲ್, ಅಂಗಡಿ ನಡೆಸುವ ಅಧಿಕಾರ ಸಿಕ್ಕಿತು. ಬಂದ ಲಾಭದಲ್ಲಿ ಹಳೇ ಕಟ್ಟಡಗಳ ರಿಪೇರಿ. ಊರನ್ನು ಟೂರಿಸ್ಟರಿಗೆ ಮಾರಿಬಿಟ್ಟರು ಅಂತ ಮೂಗು ಮುರಿಯುವವರಿದ್ದಾರೆ. ನಾನು ಒಪ್ಪಲ್ಲ. ಬೇರೆ ದುಡ್ಡು ಎಲ್ಲಿತ್ತು?

ನನ್ನ ತಕರಾರು ನಮ್ಮಂಥವರ ಮೇಲೆ. ನಾಲ್ಕು ಬೀದಿ ಒಳಗೆ ಹೋಗಿ. ಬಾಲ್ಕನಿಗಳು ಮರದ ಆಸರೆ ಮೇಲೆ ನಿಂತಿವೆ. ಎತ್ತರದ ಕೋಣೆಗಳಿಗೆ ಮಧ್ಯೆ ಅಟ್ಟ ಹಾಕಿ, ಒಂದನ್ನು ಎರಡು ಮಾಡಿಕೊಂಡಿದ್ದಾರೆ. ಅದಕ್ಕೆ ಅಲ್ಲಿಯವರು ಬಾರ್ಬಕೋವಾ ಅನ್ನುತ್ತಾರೆ. ಹಳೇ ಗೋಡೆಗೆ ಆ ಭಾರ ಜಾಸ್ತಿ. ಜೋರು ಮಳೆ ಬಂದರೆ ಕೆಲವು ಕಟ್ಟಡಗಳು ಕುಸಿದೇ ಬೀಳುತ್ತವೆ. ನಾವು ಅದನ್ನೇ 'ಎಂಥಾ ಲುಕ್ಕು' ಅಂತ ಕ್ಲಿಕ್ಕಿಸುತ್ತೇವೆ. ನಾನೂ ಕ್ಲಿಕ್ಕಿಸಿದೆ, ಸುಳ್ಳು ಯಾಕೆ ಹೇಳಲಿ.

ಆಗಲೇ ಮೂರನೇ ಮಹಡಿಯಿಂದ ಒಬ್ಬ ಅಜ್ಜಿ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟರು. ಕೆಳಗೆ ಕೂಗುತ್ತಾ ಬಂದ ಈರುಳ್ಳಿಯವನು ಬುಟ್ಟಿಯಿಂದ ನೋಟು ತೆಗೆದುಕೊಂಡು ಈರುಳ್ಳಿ ತುಂಬಿದ. ಅಜ್ಜಿ ಬುಟ್ಟಿ ಎಳೆಯಲಿಲ್ಲ. ಮೇಲಿಂದಲೇ ಏನೋ ಜಬರಿಸಿದರು. ಅವನು ಗೊಣಗುತ್ತಾ ಇನ್ನೊಂದು ಹಾಕಿದ. ನನಗೆ ಸ್ಪ್ಯಾನಿಷ್ ಬರಲ್ಲ. ಆದರೆ ಕೊಸರು ಕೇಳೋದು ಗೊತ್ತಾಗಲ್ವಾ! ಆ ಫೋಟೋ ಮಾತ್ರ ತೆಗೆಯಲಿಲ್ಲ.

ರಾತ್ರಿ ಒಂಬತ್ತಕ್ಕೆ, ನೀರಿನಾಚೆ ಲಾ ಕಬಾನ್ಯಾ ಕೋಟೆಯಿಂದ ಢಂ ಅಂತ ತೋಪು ಹಾರಿತು. ಹಿಂದೆ ಅದು ಊರ ಬಾಗಿಲು ಮುಚ್ಚುವ ಸೂಚನೆ. ಊರಗೋಡೆಯನ್ನು 1863ರಿಂದಲೇ ಕೆಡವತೊಡಗಿದರು, ತೋಪು ಮಾತ್ರ ನಿಂತಿಲ್ಲ. ನಾನು ಬೆಚ್ಚಿಬಿದ್ದೆ. ಬೀದಿಯಲ್ಲಿ ಮೇಜು ಹಾಕಿ ಡಾಮಿನೋ ಆಡುತ್ತಿದ್ದ ನಾಲ್ವರು ತಲೆಯನ್ನೂ ಎತ್ತಲಿಲ್ಲ. ಒಬ್ಬ ಸುಮ್ನೆ ವಾಚ್ ಸರಿಮಾಡಿಕೊಂಡ.