ಚಳಿ ಬಿಡಿ, ಮಳೆ ಲೆಕ್ಕ ಹಾಕಿ

ನಮಸ್ಕಾರ. ಶಿರಸಿಯ ಮನೆ ಹಿತ್ತಲಲ್ಲಿ ಸೇಬು ಹಿಡಿದಿದೆ ಅಂದರೆ ಸಾಕು, ಎಲ್ಲರೂ ಕೇಳೋದು ಒಂದೇ ಮಾತು: "ಇಲ್ಲಿ ಅಷ್ಟು ಚಳಿ ಎಲ್ಲಿದೆ ಮಾರಾಯ?" ಡೇರಿಗೆ ಹಾಲು ಹಾಕಲು ಹೋದರೆ ಅದೇ ಪ್ರಶ್ನೆ, ಸೊಸೈಟಿಗೆ ಅಡಿಕೆ ಒಯ್ದರೆ ಅದೇ ಪ್ರಶ್ನೆ, ಮದುವೆಮನೆ ಊಟದ ಪಂಕ್ತಿಯಲ್ಲೂ ಅದೇ. ಇವತ್ತು ಕ್ಯಾಮೆರಾ ಮುಂದೆ ಕೂತು ಒಂದೇ ಸಲ ಹೇಳಿ ಮುಗಿಸ್ತೇನೆ. ನಮ್ಮೂರಲ್ಲಿ ಸೇಬಿನ ಗಿಡ ಚಳಿ ಸಾಲದೆ ಸಾಯೋದಿಲ್ಲ, ಮಳೆಯಲ್ಲಿ ಸಾಯ್ತದೆ. ಹಾಗಾಗಿ ನೆಡೋದಿದ್ದರೆ ಬೇಗ ಹಣ್ಣಾಗುವ ತಳಿಯನ್ನೇ ನೆಡಬೇಕು, ಮೃಗಶಿರ ಮಳೆ ಹಿಡಿಯೋದರೊಳಗೆ ಕೊಯ್ಲು ಮುಗಿಯುವಂಥದ್ದನ್ನು. ಬೇರೆ ತಳಿ ನೆಟ್ಟವರಿಗೆ ನನ್ನ ಸಂತಾಪ.

ಸಂತಾಪ ಯಾಕೆಂದರೆ ನಾನೂ ಒಮ್ಮೆ ನೆಟ್ಟವನೇ.

2022ರ ಮಾರಿಕಾಂಬಾ ಜಾತ್ರೆಯಲ್ಲಿ ಗಿಡ ಮಾರುವವನೊಬ್ಬನ ಹತ್ತಿರ ತಂದದ್ದು. ಪ್ಲಾಸ್ಟಿಕ್ ಚೀಲದಲ್ಲಿ ಮೊಳಕಾಲೆತ್ತರದ ಗಿಡ, ಅದಕ್ಕೆ ಕೆಂಪು ಸೇಬಿನ ಫೋಟೋ ಕಟ್ಟಿದ್ದ. ತಳಿ ಯಾವುದು ಅಂದರೆ "ಕಾಶ್ಮೀರಿ" ಅಂದ. ನಾನೂ ಒಪ್ಪಿ ದುಡ್ಡು ಕೊಟ್ಟೆ. ಮನೆಗೆ ತಂದಾಗ ಆಯಿ, ಅಂದರೆ ನನ್ನ ಅಮ್ಮ, ಒಮ್ಮೆ ಗಿಡ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಮಳೆಗಾಲ ದಾಟ್ತಿಲ್ಲೆ ತಮಾ" ಅಂದಳು, ಅಷ್ಟೇ.

ಬಾಳೆಬುಡದ ಪಕ್ಕ ನೆಟ್ಟೆ. ಸದಾ ತಂಪಾಗಿರ್ತದೆ, ಸೇಬಿಗೆ ತಂಪು ಬೇಕಲ್ಲ ಅಂತ ನನ್ನ ಲೆಕ್ಕ. ಜೂನ್‌ನಲ್ಲಿ ಚಿಗುರು ಬಂತು, ನನಗೋ ಖುಷಿ. ಜುಲೈಯಲ್ಲಿ ಎಲೆ ಪೇಲವವಾಗಿ ಅಂಚು ಕೆಂಪೇರಿತು. ಕಾಶ್ಮೀರದ ಗಿಡ ಅಲ್ವಾ, ಬಣ್ಣ ಬದಲಿಸ್ತದೆ ಅಂದುಕೊಂಡೆ! ಆಗಸ್ಟ್‌ನಲ್ಲಿ ಒಂದು ದಿನ ಮಳೆ ಹೊಳವಾದಾಗ ಕೂತು ಬುಡದ ಮಣ್ಣು ಸರಿಸಿ, ಹೆಬ್ಬೆರಳಿಂದ ತೊಗಟೆ ಒತ್ತಿ ನೋಡಿದೆ. ನೆನೆದ ಹಪ್ಪಳದ ಹಾಗೆ ಜಾರಿ ಕೈಗೇ ಬಂತು. ಒಳಗೆ ಹಸಿಯಾಗಿ ಬೆಳ್ಳಗಿರಬೇಕಾದ ಜಾಗದಲ್ಲಿ ಕವಳದ ರಸ ಇಳಿದ ಹಾಗೆ ಕೆಂಗಂದು ಬಣ್ಣ, ಸುತ್ತಲೂ ಬಳೆಯಂತೆ. ಮೇಲೆ ಎಲೆ ಇನ್ನೂ ಇತ್ತು, ಗಿಡ ಮಾತ್ರ ಸತ್ತಿತ್ತು.

ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಇದು ಯಾರ ಕೆಲಸ ಅಂತ ಮೊದಲೇ ಗೊತ್ತಾಗಬೇಕಿತ್ತು. ಅಡಿಕೆಗೆ ಕೊಳೆ ತರುವುದು ಫೈಟಾಫ್ತೊರಾ ಎಂಬ ರೋಗಾಣು. ಸೇಬಿನ ಬುಡ ಕೊಳೆಸುವುದೂ ಫೈಟಾಫ್ತೊರಾ, ಅದೇ ಕುಲದ ಬೇರೆ ಜಾತಿ. ನೀರು ನಿಂತ ಮಣ್ಣಿನಲ್ಲಿ ಇದರ ಬೀಜಾಣು ಬಾಲ ಬಡಿದುಕೊಂಡು ಈಜಿ ಬೇರಿನ ಹತ್ತಿರ ಬರ್ತದೆ. ಶಿರಸಿಯಲ್ಲಿ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಈಜುಕೊಳ ನಾವೇ ಕಟ್ಟಿಕೊಟ್ಟ ಹಾಗೆ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್‌ನಿಂದ ಬಂದು ಜಗತ್ತೆಲ್ಲ ಹರಡಿದ ಎಂಎಂ-106 ಎಂಬ ಬೇರುಗಿಡ ಇದೆ, ಅಂದರೆ ಮೇಲೆ ಬೇಕಾದ ತಳಿ ಕಸಿ ಕಟ್ಟುವ ಕೆಳಗಿನ ಗಿಡ, ಸೇಬಿನ ಕಸಿಗೆ ತುಂಬ ಬಳಸ್ತಾರೆ. ಅದೇ ಈ ಬುಡಕೊಳೆಗೆ ಬೇಗ ತುತ್ತಾಗುವುದು. ಅದಕ್ಕಿಂತ ಎಂಎಂ-111 ಗಟ್ಟಿ. ಗಿಡ ಕೊಳ್ಳುವಾಗ ನಾವು ಹಣ್ಣಿನ ಬಣ್ಣ ಕೇಳ್ತೇವೆ, ಸಿಹಿಯಾ ಹುಳಿಯಾ ಕೇಳ್ತೇವೆ, ಬೇರು ಯಾವುದು ಅಂತ ಒಬ್ಬನೂ ಕೇಳೋದಿಲ್ಲ.

ಈಗ ಚಳಿ ವಿಷಯಕ್ಕೆ ಬರ್ತೇನೆ. ಪ್ರಶ್ನೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಮಾಮೂಲಿ ಸೇಬಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ 800ರಿಂದ 1,200 ಗಂಟೆ ಬೇಕು. ನಮ್ಮಲ್ಲಿ ಡಿಸೆಂಬರ್ ರಾತ್ರಿ ಕಂಬಳಿ ಹೊದ್ದು ಬೆಂಕಿ ಕಾಯಿಸಿದರೂ ಪಾದರಸ 12-13ರ ಹತ್ತಿರ ನಿಲ್ತದೆ. ಅಂದರೆ ಪುಸ್ತಕದ ಲೆಕ್ಕದಲ್ಲಿ ನಮಗೆ ಸಿಗೋದು ಸೊನ್ನೆ. ಆದರೆ ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿ ಬಾಟು ಅಂತ ಊರಿದೆ. ಭೂಮಧ್ಯರೇಖೆಯ ಪಕ್ಕವೇ ಅನ್ನಬೇಕು. ಅಲ್ಲಿ ಸೇಬು ವರ್ಷಕ್ಕೆ ಎರಡು ಬೆಳೆ ಬರ್ತದೆ. ಕೊಯ್ಲು ಮುಗಿದ ಮೇಲೆ ರೈತರು ಎಲೆಯನ್ನೆಲ್ಲ ಕೈಯಲ್ಲೇ ಕಿತ್ತು ಹಾಕ್ತಾರೆ. ಮೊಗ್ಗು ಗಾಢನಿದ್ದೆಗೆ ಜಾರುವ ಮೊದಲೇ ಎಲೆ ಹೋದರೆ ಗಿಡ ಹೊಸದಾಗಿ ಒಡೆಯುತ್ತದೆ. ಗಿಡಕ್ಕೆ ಚಳಿಗಾಲ ಬಂದುಹೋಯಿತು ಅಂತ ನಂಬಿಸಿದ ಹಾಗೆ. ವಿಜಯಪುರದ ಕಡೆಯವರಿಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ. ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ, ದಾಳಿಂಬೆಗೆ ನೀರು ತಡೆದು ಬಹಾರ್ ಹಿಡಿಸೋದು, ಅಂದರೆ ಒಟ್ಟಿಗೆ ಹೂ ಬಿಡಿಸೋದು, ಎಲ್ಲ ಇದೇ ಜಾತಿಯ ವಿದ್ಯೆ. ಮಲೆನಾಡಿನವರಿಗೆ ಗಿಡವನ್ನು ಬಾಯಾರಿಸಿ ಅಭ್ಯಾಸ ಇಲ್ಲ, ಕರುಳು ಚುರಕ್ ಅನ್ನುತ್ತದೆ.

ನಾನು ಮಾಡೋದು ಇಷ್ಟು. ನವೆಂಬರ್ ಕೊನೆಗೆ ನೀರು ಬಂದ್. ಡಿಸೆಂಬರ್ ನಡುವೆ ಎಲೆ ಕೀಳೋದು, ತೊಟ್ಟಿನ ಬುಡದ ಮೊಗ್ಗಿಗೆ ಉಗುರು ತಾಗದ ಹಾಗೆ, ತುದಿಯ ಕಡೆಗೆ ಎಳೆದರೆ ಬರ್ತದೆ. ಒಂದು ವಾರ ಬಿಟ್ಟು ಕೊಟ್ಟಿಗೆ ಗೊಬ್ಬರ, ನೀರು. ಜನವರಿ ಕೊನೆಗೆ ಹೂವು. ಅಲ್ಲಿಂದ ನೂರು ದಿನ ಎಣಿಸಿದರೆ ಮೇ ಎರಡನೇ ವಾರ. ಬೇಗ ಬರುವ ತಳಿಯೇ ಬೇಕು ಅಂತ ನಾನು ಹಟ ಹಿಡಿಯೋದು ಈ ಲೆಕ್ಕಕ್ಕಾಗಿ. ನೂರೈವತ್ತು, ನೂರ ಎಂಬತ್ತು ದಿನ ಕೇಳುವ ತಳಿಯಾದರೆ ಆರಿದ್ರಾ ಮಳೆಯಲ್ಲಿ ಹಣ್ಣು ಮರದಲ್ಲೇ ಕೊಳೀತದೆ. ಹಿಮಾಚಲದಲ್ಲಿ ಬೇಗ ಬರುವ ಟೈಡ್‌ಮನ್ ತಳಿಗೆ ಬೆಲೆ ಇರುವುದು ಉಳಿದ ಸೇಬಿಗಿಂತ ಮೊದಲು ಮಾರ್ಕೆಟ್‌ಗೆ ಬರ್ತದೆ ಅಂತ. ನಮಗೆ ಮಾರ್ಕೆಟ್ ಮಾತೇ ಇಲ್ಲ, ಹಣ್ಣು ಬಾಯಿಗೆ ಬಂದರೆ ಸಾಕು.

ತಳಿ ಎರಡು ಇಟ್ಟಿದ್ದೇನೆ, ಅನ್ನಾ ಮತ್ತು ಡಾರ್ಸೆಟ್ ಗೋಲ್ಡನ್. ಅನ್ನಾ ಇಸ್ರೇಲಿನದು, ಏನ್ ಶೆಮರ್ ಎಂಬ ಕಿಬ್ಬುತ್ಸ್‌ನಲ್ಲಿ, ಅಂದರೆ ಒಟ್ಟಾಗಿ ಕೃಷಿ ಮಾಡುವ ಹಳ್ಳಿಯಲ್ಲಿ, ಆಬಾ ಸ್ಟೈನ್ ಎಂಬವರು ಗೋಲ್ಡನ್ ಡಿಲಿಶಿಯಸ್ ಜೊತೆ ಅಡ್ಡಹಾಯಿಸಿ ಪಡೆದದ್ದು. ಡಾರ್ಸೆಟ್ ಹುಟ್ಟಿದ್ದು ಬಹಾಮಾಸ್ ದ್ವೀಪಗಳ ನಸ್ಸಾವು ಊರಿನಲ್ಲಿ, ಬೀಜದಿಂದ. ಒಂದೇ ಗಿಡ ಇಟ್ಟರೆ ಹೂವು ನೋಡಿಕೊಂಡು ಇರಬೇಕಾಗ್ತದೆ, ಒಂದಕ್ಕೆ ಇನ್ನೊಂದರ ಪರಾಗ ಬೇಕು. ಎರಡೂ ಒಟ್ಟಿಗೆ ಹೂ ಬಿಡ್ತವೆ. ಪರಾಗ ಹೊರುವ ಕೆಲಸಕ್ಕೆ ಜಗಲಿಯ ಪಕ್ಕದ ಪೆಟ್ಟಿಗೆಯಲ್ಲಿ ತುಡುವೆ ಜೇನು ಇದೆ. ಹೂವು ನಸುಗುಲಾಬಿ, ಒಳಗೆ ಬಿಳಿ. ನಮ್ಮ ದಾಸವಾಳದ ಅಬ್ಬರ ಇಲ್ಲ, ಆದರೂ ಬೆಳಿಗ್ಗೆ ಚಹಾ ಲೋಟ ಹಿಡಿದು ಅಲ್ಲೇ ಹೋಗಿ ನಿಲ್ತೇನೆ.

ಕಾರವಾರದ ಗೆಳೆಯ ಒಬ್ಬ ಈ ನಸ್ಸಾವು ಕಥೆ ಕೇಳಿ ಹಿಡಿದ ಪಟ್ಟು ಬಿಡಲಿಲ್ಲ. "ಸಮುದ್ರದ ದಂಡೆಯಲ್ಲೇ ಹುಟ್ಟಿದ ಸೇಬು, ಕಾರವಾರಕ್ಕೆ ಹೇಳಿ ಮಾಡಿಸಿದ್ದು" ಅಂದ. ಸೆಕೆಯ ಮಟ್ಟಿಗೆ ಅವನ ಮಾತು ತೀರಾ ತಪ್ಪಲ್ಲ. ಆದರೆ ನಸ್ಸಾವಿನ ಮಳೆ ಕಾರವಾರದ ಮಳೆಯ ಅರ್ಧದಷ್ಟೇ. ಹಿಮಾಚಲದ ರೈತ ಹರಿಮನ್ ಶರ್ಮಾ ಅವರ ಎಚ್‌ಆರ್‌ಎಂಎನ್-99 ಎಂಬ ಸೇಬಿನ ತಳಿ ವಿಷಯದಲ್ಲೂ ನಮ್ಮವರು ಹೀಗೇ ಎಡವ್ತಾರೆ. ಅವರದು ದೊಡ್ಡ ಸಾಧನೆ, 2025ರಲ್ಲಿ ಪದ್ಮಶ್ರೀ ಬಂತು. ಬಿಲಾಸ್ಪುರ ಜಿಲ್ಲೆಯ ಅವರ ಊರು ಇರೋದು 1,800 ಅಡಿ ಎತ್ತರದಲ್ಲಿ, ಹೆಚ್ಚುಕಡಿಮೆ ಶಿರಸಿಯಷ್ಟೇ. ಅಷ್ಟು ಕೇಳಿದ್ದೇ ಇಲ್ಲಿ ಗಿಡ ಮಾರುವವರಿಗೆ ಸಾಕಾಯ್ತು. "45 ಡಿಗ್ರಿ ಬಿಸಿಲಲ್ಲೂ ಬೆಳೆಯುವ ಸೇಬು" ಅಂತ ಬೋರ್ಡ್. ಶಿರಸಿಯಲ್ಲಿ 45 ಡಿಗ್ರಿ ಯಾವ ಕಾಲಕ್ಕೆ ಆಗಿತ್ತು ಸ್ವಾಮಿ? ನಾಲ್ಕು ತಿಂಗಳು ನೆನೆದರೂ ಸಾಯೋದಿಲ್ಲ ಅಂತ ಬೋರ್ಡ್ ಹಾಕಿ, ನಾನೇ ಹತ್ತು ಗಿಡ ಕೊಳ್ತೇನೆ.

ಎರಡನೇ ಸಲ ನೆಲದಲ್ಲಿ ನೆಡಲಿಲ್ಲ. ಚಿರೆಕಲ್ಲು ಸುತ್ತಲೂ ಇಟ್ಟು, ಎರಡು ಅಡಿ ಎತ್ತರದ ದಿಬ್ಬ ಮಾಡಿ, ಒಳಗೆ ಜಲ್ಲಿ, ಕೆಮ್ಮಣ್ಣು, ಗೊಬ್ಬರ, ಸ್ವಲ್ಪ ಸುಣ್ಣ. ಕಸಿ ಗಂಟು ಮಣ್ಣಿಂದ ಒಂದು ಗೇಣು ಮೇಲಕ್ಕೆ. ಸುತ್ತ ಬಸಿಗಾಲುವೆ. ಅಡಿಕೆ ಮರ ಹತ್ತಿ ಮದ್ದು ಹೊಡೆಯಲು ಕೊನೆಗೌಡ ಬಂದಾಗ, "ಈ ಎರಡಕ್ಕೂ ಒಂದು ಸುತ್ತು ಹೊಡಿ" ಅಂದೆ. ಅವನು ನಕ್ಕ. "ಇದಕ್ಕೆ ಹತ್ತೋದು ಹೇಗೆ?" ಅಂತ ಕೇಳಿದ, ಗಿಡ ಅವನ ಸೊಂಟಕ್ಕೂ ಬರ್ತಿರಲಿಲ್ಲ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು, ಅದೇ ಬೋರ್ಡೋ. ಫ್ರಾನ್ಸಿನ ದ್ರಾಕ್ಷಿಗೆ ಅಂತ 1885ರ ಹೊತ್ತಿಗೆ ಹುಟ್ಟಿದ ಮದ್ದು, ಅಡಿಕೆಯ ಕೊಳೆಗೆ ಬಂತು, ಈಗ ನಮ್ಮನೆ ಸೇಬಿಗೂ. ಹಣ್ಣಿರುವಾಗ ಹೊಡೆದರೆ ಮೈಲುತುತ್ತದ ತಾಮ್ರಕ್ಕೆ ಸಿಪ್ಪೆ ತುರಿಗಟ್ಟಿ ಒರಟಾಗುತ್ತದೆ. ಮಳೆ ಬರುವಾಗ ನಮ್ಮ ಮರದಲ್ಲಿ ಹಣ್ಣೇ ಇರೋದಿಲ್ಲ, ಹಾಗಾಗಿ ಧೈರ್ಯವಾಗಿ ಹೊಡೀಬಹುದು.

ಮೊದಲ ಹಣ್ಣು 2025ರಲ್ಲಿ. ಎರಡೂ ಗಿಡ ಸೇರಿ 17 ಕಾಯಿ ನಿಂತವು. ಮಂಗ ಐದು ಒಯ್ದಿತು. ತಿಂದಿದ್ದರೆ ಬೇಸರ ಇರಲಿಲ್ಲ, ಒಂದೊಂದು ಕಚ್ಚು ಕಚ್ಚಿ ಎಸೆದಿತ್ತು. ಉಳಿದವಕ್ಕೆ ಹಳೆ ಪಂಚೆ ಹರಿದು ಚೀಲ ಹೊಲಿದು ಕಟ್ಟಿದೆ, ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಹಾಗೆ. ಮೇ ಎರಡನೇ ವಾರ ಒಂಬತ್ತು ಕೊಯ್ದೆ. ಮೂರು ಬಿಟ್ಟೆ, ಇನ್ನಷ್ಟು ಕೆಂಪಾಗಲಿ ಅನ್ನುವ ಆಸೆ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆ ಜೂನ್ 1. ಎರಡು ದಿನದಲ್ಲಿ ನಮ್ಮಲ್ಲೂ ಹಿಡಿಯಿತು. ಬಿಟ್ಟ ಮೂರರಲ್ಲಿ ಎರಡು ಬಿರಿದು ಕಪ್ಪು ಚುಕ್ಕೆ ಎದ್ದವು. ಮೂರನೆಯದು ಎಲ್ಲಿ ಬಿತ್ತೋ ಸಿಗಲೇ ಇಲ್ಲ. ಕೆಂಪಿಗೆ ತಂಪು ರಾತ್ರಿ ಬೇಕು, ಮೇ ತಿಂಗಳ ಶಿರಸಿಯಲ್ಲಿ ಅದು ಬರೋದಿಲ್ಲ. ನನ್ನ ಸೇಬು ಹಸಿರು-ಹಳದಿ, ಬಿಸಿಲು ಬಿದ್ದ ಕೆನ್ನೆಯಲ್ಲಿ ಮಾತ್ರ ಒಂದು ಬೆರಳು ಎಳೆದಷ್ಟು ಕೆಂಪು.

ರುಚಿ? ಅಂಗಡಿ ಸೇಬಿನ ಸಿಹಿ ಇಲ್ಲ. ಕೊಯ್ದ ದಿನ ಹಲ್ಲು ಊರಿದರೆ ಕರಕ್ ಅಂತದೆ, ಹುಳಿ ಮುಂದೆ, ಸಿಹಿ ಹಿಂದೆ. ಬೇಗ ಬರುವ ಸೇಬಿನ ಗುಣವೇ ಹಾಗೆ, ಇಟ್ಟರೆ ಇರೋದಿಲ್ಲ. ವಾರದೊಳಗೆ ಹಿಟ್ಟು ಹಿಟ್ಟು. ಕೋಲ್ಡ್ ಸ್ಟೋರೇಜ್ ಸೇಬು ತಿಂದು ಬೆಳೆದವರಿಗೆ ಇದು ದೋಷ. ನನಗೆ ಹಾಗನಿಸೋದಿಲ್ಲ, ಕರಿ ಇಶಾಡು ಎಷ್ಟು ದಿನ ಇರ್ತದೆ ಅಂತ ಯಾರಾದರೂ ಅಂಕೋಲೆಯವರನ್ನು ದೂರ್ತಾರಾ? ಮೂರು ಹಣ್ಣು ಹಂಚಿದೆವು, ಮೂರು ನಾವು ತಿಂದೆವು. ಉಳಿದ ಮೂರು ಮೆತ್ತಗಾಗುವ ಮೊದಲು ಆಯಿ ಹೆಚ್ಚಿ, ಕಾಯಿ-ಸಾಸಿವೆ ಬೀಸಿ, ಬೆಲ್ಲ ಹಾಕಿ ಸಾಸ್ಮೆ ಮಾಡಿದಳು. ಅನಾನಸಿನದಕ್ಕಿಂತ ಒಂದು ಕೈ ಮೇಲೆ ಅಂತ ನಾನು ಹೇಳ್ತೇನೆ, ಆಯಿ ಒಪ್ಪೋದಿಲ್ಲ.

ಒಂದೆಕರೆ ಹಾಕಬಹುದಾ ಅಂತ ಕೇಳುವವರಿಗೆ: ಬೇಡ. ಎಲೆ ಕೀಳುವ ಆಳಿನ ಸಂಬಳಕ್ಕೂ ಆ ಹಣ್ಣು ಹುಟ್ಟೋದಿಲ್ಲ. ಅಡಿಕೆ ಮರ ತೆಗೆದು, ಅಪ್ಪೆಮಿಡಿ ಮರ ಕಡಿದು ಸೇಬು ಹಾಕ್ತೇನೆ ಅನ್ನುವವರು ನನ್ನ ವಿಡಿಯೊ ನೋಡಿದೆ ಅಂತ ಎಲ್ಲೂ ಹೇಳಬೇಡಿ. ಎರಡು ದಿಬ್ಬ, ಎರಡು ಗಿಡ, ಅಷ್ಟಕ್ಕೆ ನಿಲ್ಲಿಸಿ.

ನಾನು ನಿಲ್ಲಿಸಲಿಲ್ಲ, ಅದು ಬೇರೆ ಮಾತು. ಮೂರನೇ ದಿಬ್ಬ ಕಟ್ಟಿದ್ದೆ, ಇನ್ನೊಂದು ಅನ್ನಾ ತರಿಸುವ ಯೋಚನೆ. ಗಿಡ ಬರೋದು ತಡವಾಯ್ತು. ಅಷ್ಟರಲ್ಲಿ ಆಯಿ ಅದರಲ್ಲಿ ಅರಿಶಿನದ ಗಡ್ಡೆ ಊರಿಬಿಟ್ಟಿದ್ದಾಳೆ. ಎಲೆ ಈಗ ಎದೆಯುದ್ದ ಎದ್ದಿದೆ. ಯಾಕೆ ನೆಟ್ಟೆ ಅಂದರೆ ದಿಬ್ಬದ ಕಡೆ ಕೈ ತೋರಿಸಿ ಹೇಳಿದಳು, "ಇದು ದಾಟ್ತು ತಮಾ."